ಕೈಗಡ ಹೋದ ಮಿತಿ

ಏಳನೇ ವಾರ್ಡಿನ ಪೇಟೆಬೀದಿಯಲ್ಲಿ, ಇಸ್ತ್ರಿ ಅಂಗಡಿಗೂ ಬೀಗ ರಿಪೇರಿಯವನ ಗೂಡಿಗೂ ನಡುವೆ, ಒಂದು ಕನ್ನಡಕದಂಗಡಿ ಇತ್ತು. ಅದರ ಯಜಮಾನನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಏನೋ ಇತ್ತು. ಅದು ಮದುವೆಯ ಪತ್ರಿಕೆಯಲ್ಲಿ ಅಚ್ಚಾಗಿದ್ದೇ ಕೊನೆ. ನಲವತ್ತು ದಾಟಿದವರ ಮೂಗಿನ ಮೇಲೆಲ್ಲ ಓದುವ ಕನ್ನಡಕ ಏರಿಸುತ್ತಿದ್ದುದರಿಂದ ಬೀದಿ ಅವನನ್ನು ಚಾಳೀಸು ಎಂದು ಕರೆಯುತ್ತಿತ್ತು. ಮನುಷ್ಯ ಕೆಟ್ಟವನಲ್ಲ. ಯಾರು ಏನು ಹೇಳಿದರೂ "ಹೌದಲ್ವಾ" ಎನ್ನುವುದು ಅವನ ಸ್ವಭಾವ. ಜಗಳವಾಡಿಕೊಂಡು ಇಬ್ಬರು ಅಂಗಡಿಗೆ ಬಂದರೆ ಇಬ್ಬರ ಮಾತಿಗೂ "ಹೌದಲ್ವಾ" ಎಂದು, ಕನ್ನಡಕ ಒರೆಸುವ ಬಟ್ಟೆಯನ್ನು ತಲೆಗೊಂದರಂತೆ ಬಿಟ್ಟಿ ಕೊಟ್ಟು ಕಳಿಸುತ್ತಿದ್ದ.

ಇಂಥವನ ಅಂಗಡಿಗೆ ಒಂದು ಬೆಳಿಗ್ಗೆ ಜಲ್ಲಿ ಸಾಹುಕಾರ ಬಂದ. ಊರಿನ ರಸ್ತೆಗಳಿಗೆಲ್ಲ ಜಲ್ಲಿ ಹಾಕಿದವನು ಅವನೇ. ಹಾಕದ ಕಡೆಯೂ ಹಾಕಿದ್ದಾಗಿ ಬಿಲ್ಲು ಪಾಸು ಮಾಡಿಸಿಕೊಂಡವನು ಕೂಡ ಅವನೇ. ಅವನು ಸ್ಟೂಲಿನ ಮೇಲೆ ಕೂತಾಗ ಸ್ಟೂಲು ಒಮ್ಮೆ ಕಿರುಗುಟ್ಟಿತು.

"ನಿನ್ನ ಹತ್ರ ಎರಡು ಲಕ್ಷ ಇದೆ. ನಿಂಗೆ ಗೊತ್ತಾ?" ಎಂದ ಸಾಹುಕಾರ.

ಚಾಳೀಸು ಗಲ್ಲಾಪೆಟ್ಟಿಗೆಯ ಕಡೆ ನೋಡಿದ. "ಎರಡು ಲಕ್ಷಾನಾ ಸಾಹುಕಾರ್ರೇ? ಮುನ್ನೂರೆಂಬತ್ತು ಇರಬಹುದು."

"ದುಡ್ಡಲ್ಲಯ್ಯಾ, ಮಿತಿ! ನಗರಸಭೆ ಎಲೆಕ್ಷನ್ನಿಗೆ ನಿಂತೋರು ತಲಾ ಎರಡು ಲಕ್ಷದವರೆಗೆ ಖರ್ಚು ಮಾಡಬಹುದು, ಅದರ ಮೇಲೆ ಒಂದು ಕಾಸೂ ಮಾಡೋ ಹಾಗಿಲ್ಲ ಅಂತ ಕಾನೂನು. ನಾನು ನಿಲ್ತಾ ಇದೀನಿ. ಎರಡು ಲಕ್ಷ ನಂಗೆ ಯಾವ ಮೂಲೆಗೆ? ಮೊದಲನೇ ದಿನ ಮಧ್ಯಾಹ್ನಕ್ಕೇ ಮುಗಿದುಹೋಗುತ್ತೆ. ನೀನೂ ನಿಂತರೆ ನಿಂಗೂ ಎರಡು ಲಕ್ಷದ ಮಿತಿ ಬರುತ್ತೆ. ನೀನಂತೂ ಖರ್ಚು ಮಾಡೋ ಪೈಕಿ ಅಲ್ಲ. ಅದು ಸುಮ್ನೆ ದಂಡ. ಅದನ್ನ ನಂಗೆ ಕೈಗಡ ಕೊಡು."

"ಅಂದ್ರೆ ನಾನು ನಿಮ್ಮ ಎದುರಿಗೆ ನಿಲ್ಲೋದಾ?"

"ನನ್ನ ಎದುರಿಗೆ, ನನ್ನ ಪರವಾಗಿ."

"ಹೌದಲ್ವಾ," ಎಂದ ಚಾಳೀಸು.

ಅವನು ಒಪ್ಪಿದ್ದಕ್ಕೆ ಹೆದರಿಕೆಯೂ ಕಾರಣವಲ್ಲ, ಆಸೆಯೂ ಅಲ್ಲ. ಹುಟ್ಟಿದಾಗಿನಿಂದ ಯಾರೂ ಅವನ ಹತ್ತಿರ ಸಾಲ ಕೇಳಿರಲಿಲ್ಲ. ಕೇಳುವ ಪಾಳಿ ಯಾವಾಗಲೂ ಅವನದೇ. ಈಗ ಊರಿಗೆ ದೊಡ್ಡ ಸಾಹುಕಾರನೇ ಬಂದು ಸ್ಟೂಲಿನ ಮೇಲೆ ಕೂತು ಕೈ ಒಡ್ಡಿದ್ದಾನೆ. ಕೇಳಿದ್ದು ಏನು ಎಂಬುದು ಸರಿಯಾಗಿ ಅರ್ಥವಾಗದಿದ್ದರೂ, ಕೊಡುವವನ ಗತ್ತಿನಲ್ಲಿ ಅವನು ನಾಮಪತ್ರಕ್ಕೆ ಸಹಿ ಹಾಕಿದ. ಠೇವಣಿಯ ಹಣವನ್ನು ಸಾಹುಕಾರನೇ ಕಟ್ಟಿದ.

ಮನೆಗೆ ಹೋದವನು ಬಾಗಿಲಲ್ಲೇ ನಿಂತು ಘೋಷಿಸಿದ: "ಇವತ್ತಿಂದ ನಂಗೆ ಎರಡು ಲಕ್ಷದ ಮಿತಿ ಇದೆ."

ಹೆಂಡತಿ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಯಂತ್ರದಿಂದ ಕಾಲು ತೆಗೆಯಲಿಲ್ಲ. "ದುಡ್ಡು ಇದೆಯೋ?"

"ದುಡ್ಡಿಲ್ಲ. ಮಿತಿ ಇದೆ."

"ಅದು ನಿಮಗೆ ಇವತ್ತು ಗೊತ್ತಾಯ್ತಾ? ಮದುವೆ ಆದಾಗಿಂದ ನಾನು ಅದರಲ್ಲೇ ಸಂಸಾರ ಮಾಡ್ತಾ ಇದೀನಿ."

ಗೋಡೆಯಾಚೆ ನಿವೃತ್ತ ಪೋಸ್ಟ್‌ಮನ್ನನ ಮನೆ. ನಲವತ್ತು ವರ್ಷ ಊರಿನ ಸುದ್ದಿಯನ್ನು ಮುಚ್ಚಿದ ಲಕೋಟೆಯಲ್ಲಿ ಹೊತ್ತು ಬೇಸತ್ತಿದ್ದ ಆತ, ನಿವೃತ್ತನಾದ ಮೇಲೆ ತೆರೆದೇ ಹಂಚುತ್ತಿದ್ದ. ಗೋಡೆಯ ಮೂಲಕ ಅವನಿಗೆ ಕೇಳಿಸಿದ್ದು "ಎರಡು ಲಕ್ಷ" ಮಾತ್ರ. ಮರುದಿನ ಹಾಲಿನ ಹೊತ್ತಿಗೆ, ಎಲೆಕ್ಷನ್ನಿಗೆ ನಿಲ್ಲುವವರಿಗೆ ಸರ್ಕಾರ ಎರಡು ಲಕ್ಷ ನಗದು ಕೊಡುತ್ತದೆಂದೂ, ಚಾಳೀಸು ಅದನ್ನು ಕನ್ನಡಕದ ಡಬ್ಬಿಗಳಲ್ಲಿ ತುಂಬಿಟ್ಟಿದ್ದಾನೆಂದೂ ಬೀದಿಗೆ ಖಚಿತವಾಗಿತ್ತು.

ಮೊದಲು ಬಂದವನು ಭಾಮೈದ. "ಭಾವಾ, ಸ್ಕೂಟರಿಗೆ ಬರೀ ಮುವ್ವತ್ತು ಸಾವಿರ ಕಡಿಮೆ ಬಿದ್ದಿದೆ," ಎಂದು ಹಲ್ಲು ಕಿರಿದ. ಅವನ ಬೆನ್ನಿಗೇ ಸೋದರತ್ತೆ ಬಂದಳು. ಹೋದ ತಿಂಗಳು ಆಕೆಗೆ ಒಂದೇ ಕಣ್ಣಿಗೆ ಪೊರೆ ಇತ್ತು. ಈಗ ಎರಡಕ್ಕೂ ಬಂದಿತ್ತು. ಅಂಗಡಿಯ ಮಾಲೀಕ ಬಾಡಿಗೆ ಏರಿಸಿದ. "ಅಭ್ಯರ್ಥಿ ಇರೋ ಕಟ್ಟಡದ ರೇಟೇ ಬೇರೆ ಕಣಯ್ಯಾ."

"ಅತ್ತೆ, ಅದು ದುಡ್ಡಲ್ಲ, ಮಿತಿ. ಅದನ್ನೂ ಸಾಹುಕಾರ್ರಿಗೆ ಕೊಟ್ಟುಬಿಟ್ಟಿದೀನಿ," ಎಂದು ಚಾಳೀಸು ಕೈ ಮುಗಿದ.

"ಕಂಡೋರಿಗೆ ಕೊಡ್ತೀಯ, ಹೆತ್ತಮ್ಮನ ಸಮ ಇರೋ ನಂಗೆ ಮಿತಿ ತೋರಿಸ್ತೀಯಾ? ನಿಮ್ಮಪ್ಪನೂ ಹೀಗೇ. ಕೇಳಿದಾಗೆಲ್ಲ ದುಡ್ಡಿಗೆ ಬೇರೆ ಹೆಸರು ಇಡೋನು." ಸೋದರತ್ತೆ ಸೆರಗಿನಿಂದ ಎರಡೂ ಕಣ್ಣು ಒರೆಸಿಕೊಂಡು, ದಾರಿಯಲ್ಲಿ ಒಂದು ಕಲ್ಲನ್ನೂ ಎಡವದೆ, ಸರಸರ ನಡೆದುಹೋದಳು.

ಚುನಾವಣಾ ಕಚೇರಿಯಲ್ಲಿ ಚಿಹ್ನೆಗಳನ್ನು ಹಂಚಿದರು. ಜಲ್ಲಿ ಸಾಹುಕಾರನಿಗೆ ಟೋಪಿ ಬಂತು. ಯಾರಿಗೆ ಹಾಕುವುದಕ್ಕೆ ಎಂದು ಯಾರೂ ಕೇಳಲಿಲ್ಲ. ಚಾಳೀಸುವಿಗೆ ಬಕೆಟ್ಟು. ಆ ದಿನವೇ ಬೇರೆ ಊರಿಂದ ಖರ್ಚಿನ ಲೆಕ್ಕದ ಅಧಿಕಾರಿ ಬಂದು ಇಳಿದರು. ಸಣಕಲು ಮೈಯ, ದಪ್ಪ ಕನ್ನಡಕದ ಹೆಂಗಸು. ಹತ್ತೊಂಬತ್ತು ವರ್ಷದ ಸೇವೆಯಲ್ಲಿ ಯಾರ ಮನೆಯ ಚಹಾವನ್ನೂ ಕುಡಿದವರಲ್ಲವಂತೆ; ತಮ್ಮ ಫ್ಲಾಸ್ಕನ್ನು ತಾವೇ ಹೊತ್ತು ತಿರುಗುತ್ತಿದ್ದರು. ಅವರ ಹಿಂದೆ ಕ್ಯಾಮರಾದವನೊಬ್ಬ, ಅವರ ಕೈಯಲ್ಲಿ ದರಪಟ್ಟಿ. ಚಹಾ ಒಂದಕ್ಕೆ ಆರು, ಕುರ್ಚಿಗೆ ಏಳು, ಊಟಕ್ಕೆ ಅರವತ್ತು, ಜೀಪು ದಿನಕ್ಕೆ ಎರಡು ಸಾವಿರ.

ಸಾಹುಕಾರನ ಗುಮಾಸ್ತ ಜಾಣ. ಏಳು ಜೀಪುಗಳಿಗೆ ಚಾಳೀಸುವಿನ ಹೆಸರಲ್ಲಿ ಪರವಾನಗಿ ತೆಗೆದು, ಏಳರ ಮೇಲೂ ಟೋಪಿಯ ಚಿತ್ರ ಅಂಟಿಸಿ ಬೀದಿಗೆ ಬಿಟ್ಟ. ಮೊದಲ ತಿರುವಿನಲ್ಲೇ ಮೇಡಂ ಕೈ ಅಡ್ಡ ಹಿಡಿದರು.

"ಪರವಾನಗಿ ಯಾರದು?"

"ಬಕೆಟ್ಟಿನದು ಮೇಡಂ."

"ಹಾಗಾದ್ರೆ ಟೋಪಿ ಯಾಕಿದೆ? ಟೋಪಿ ಇದ್ದರೆ ಏಳು ಜೀಪೂ ಟೋಪಿ ಖಾತೆಗೆ ಹೋಗುತ್ತೆ. ಬರ್ಕೊಳ್ಳಲಾ?"

ಗುಮಾಸ್ತ ಬೆವರಿದ. ಟೋಪಿಯ ಖಾತೆ ಆಗಲೇ ಕಂಠದವರೆಗೆ ತುಂಬಿತ್ತು. ಅರ್ಧ ಗಂಟೆಯಲ್ಲಿ ಏಳು ಜೀಪಿನ ಮೇಲೂ ಬಕೆಟ್ಟಿನ ಚಿತ್ರ ಬಂತು. ಜೀಪಿನೊಳಗೆ ಮೈಕು ಹಿಡಿದವನು ಗಂಟೆಗಿಷ್ಟೆಂದು ಕೂಲಿಗೆ ಬಂದವನು. ಅವನಿಗೆ ಟೋಪಿಯಾದರೇನು, ಬಕೆಟ್ಟಾದರೇನು? "ನಿಮ್ಮ ಮನೆಮಗ ಚಾಳೀಸಣ್ಣ! ನಿಮ್ಮ ಗುರುತು ಬಕೆಟ್! ತುಂಬಿಸಿ ಬಕೆಟ್!" ಎಂದು ಬೀದಿ ಬೀದಿ ಅರಚಿದ. ಸಾಹುಕಾರ ಮಹಡಿಯ ಮೇಲೆ ನಿಂತು, ತನ್ನ ದುಡ್ಡು ತನ್ನ ಎದುರಾಳಿಯ ಹೆಸರು ಕೂಗುತ್ತ ಹೋಗುವುದನ್ನು ಕೇಳಿಸಿಕೊಂಡ.

"ಇರಲಿ ಬಿಡು," ಎಂದ ಗುಮಾಸ್ತನಿಗೆ. "ಊಟ ಹಾಕೋಣ. ಊಟ ಮಾಡಿದೋರಿಗೆ ಹಾಕಿಸಿದೋರು ಯಾರು ಅಂತ ಗೊತ್ತಿರುತ್ತೆ."

ಸಭಾಭವನದಲ್ಲಿ ಸಾವಿರದೆಂಟುನೂರು ಜನಕ್ಕೆ ಊಟ. ಬಾಗಿಲಲ್ಲಿ ಮೇಡಂ ಒಂದು ಮೇಜು ಹಾಕಿಕೊಂಡು ಕೂತಿದ್ದರು. ಮೇಜಿನ ಮೇಲೆ ದೊಡ್ಡ ಅಕ್ಷರದ ಹಲಗೆ: ಈ ಊಟದ ಖರ್ಚು ಬಕೆಟ್ ಗುರುತಿನ ಅಭ್ಯರ್ಥಿಯದು. ಸಾಹುಕಾರ ರೇಷ್ಮೆ ಅಂಗಿ ತೊಟ್ಟು, ಎರಡು ಕೈ ಜೋಡಿಸಿ, ನಗುತ್ತ ಒಳಗೆ ಕಾಲಿಡಲು ಹೋದ.

"ನೀವು ಟೋಪಿ ಅಲ್ವಾ?" ಎಂದರು ಮೇಡಂ. "ನೀವು ಒಳಗೆ ಹೋಗಿ ಕೈ ಮುಗಿದರೆ ಊಟ ನಿಮ್ಮ ಖಾತೆಗೆ. ಹೋಗ್ತೀರಾ?"

"ಕೈ ಮುಗಿಯಲ್ಲ ತಾಯಿ. ಸುಮ್ನೆ ಒಂದು ತುತ್ತು ಊಟ ಮಾಡ್ಕೊಂಡು ಬರ್ತೀನಿ."

"ಎದುರಾಳಿಯ ಖರ್ಚಲ್ಲಿ ಊಟ ಮಾಡಿದ್ರೆ ಅದೂ ಬರೀಬೇಕಾಗುತ್ತೆ. ಅರವತ್ತು."

ಹೀಗೆ, ಸಾವಿರದೆಂಟುನೂರು ಎಲೆಗೆ ದುಡ್ಡು ತೆತ್ತ ಮನುಷ್ಯ ಗೇಟಿನ ಹೊರಗೆ ಚಪ್ಪಲಿಗಳ ರಾಶಿಯ ಪಕ್ಕ ನಿಂತು ಒಳಗಿನ ವಾಸನೆ ಕುಡಿದ. ಒಳಗೆ ಚಾಳೀಸುವನ್ನು ಜನ ಮುತ್ತಿಕೊಂಡಿದ್ದರು. "ಅಣ್ಣಾ, ಏನು ಊಟ! ಏನು ದೊಡ್ಡ ಮನಸ್ಸು!" ಬಡಿಸುವವರ ಕೈಯಲ್ಲಿ ಇಪ್ಪತ್ತನಾಲ್ಕು ಸ್ಟೀಲು ಬಕೆಟ್ಟುಗಳು ಪಂಕ್ತಿಯ ಉದ್ದಕ್ಕೂ ಓಡಾಡುತ್ತಿದ್ದವು. ಮೇಡಂ ಅವನ್ನು ಎಣಿಸಿ, ಕ್ಯಾಮರಾದವನಿಗೆ ತೋರಿಸಿ, "ಚಿಹ್ನೆಯ ಪ್ರದರ್ಶನ, ಇಪ್ಪತ್ತನಾಲ್ಕು" ಎಂದು ಬರೆದುಕೊಂಡರು.

ಇಂಥ ಊಟ ನಾಲ್ಕು ನಡೆದವು. ಎರಡನೆಯದರ ನಂತರ ಚಾಳೀಸುವಿನ ನಡಿಗೆಯೇ ಬದಲಾಯಿತು. ಕೈ ಹಿಂದೆ ಕಟ್ಟಿಕೊಂಡು ನಿಧಾನಕ್ಕೆ ನಡೆಯುವುದನ್ನು ಕಲಿತ. ಚರಂಡಿಯ ಮುಂದೆ ನಿಂತು ಅದನ್ನು ದಿಟ್ಟಿಸಿ ನೋಡಿ ತಲೆಯಾಡಿಸುವುದನ್ನೂ ಕಲಿತ. ಚರಂಡಿ ಮೊದಲಿನ ಹಾಗೇ ನಾರುತ್ತಿತ್ತು. ಆದರೆ ತಮ್ಮ ಚರಂಡಿಯನ್ನು ಇಷ್ಟು ಗಂಭೀರವಾಗಿ ನೋಡಿದವರು ಈವರೆಗೆ ಯಾರೂ ಇಲ್ಲ ಎಂದು ಬೀದಿಯವರು ಮಾತಾಡಿಕೊಂಡರು.

ಸಾಹುಕಾರನಿಗೆ ದಿಗಿಲಾಯಿತು. ಚಾಳೀಸುವನ್ನು ಕರೆಸಿ ರೇಗಿದ: "ಏನಯ್ಯಾ ಇದು? ಮನೆ ಮನೆಗೆ ಹೋಗು. ನಂಗೆ ವೋಟು ಹಾಕಬೇಡಿ ಅಂತ ಕೈ ಮುಗಿದು ಹೇಳು."

"ಹೌದಲ್ವಾ," ಎಂದ ಚಾಳೀಸು. ಮಾತಿಗೆ ತಪ್ಪುವವನಲ್ಲ. ಮೂರು ದಿನ ಬಿಸಿಲಲ್ಲಿ ಮನೆ ಮನೆಗೆ ಹೋದ. "ಅಮ್ಮಾ, ದಯವಿಟ್ಟು ನಂಗೆ ಹಾಕಬೇಡಿ. ನಂಗೆ ಏನೂ ಗೊತ್ತಿಲ್ಲ. ಗೆದ್ದರೂ ನನ್ನ ಕೈಲಿ ಏನೂ ಆಗಲ್ಲ."

ಊರು ಬೆರಗಾಯಿತು. ಇಸ್ತ್ರಿಯವನು ಕಾದ ಪೆಟ್ಟಿಗೆಯನ್ನು ಅಂಗಿಯ ಮೇಲೇ ಮರೆತು ಭಾಷಣ ಮಾಡಿದ. "ಗೆದ್ದ ಮೇಲೆ ಏನೂ ಮಾಡದೆ ಇರೋರನ್ನ ನೋಡಿದೀವಿ. ಗೆಲ್ಲೋಕೆ ಮುಂಚೆನೇ ಹೇಳಿದ ಪ್ರಾಮಾಣಿಕ ಇವನೊಬ್ಬನೇ! ವೋಟೇ ಬೇಡ ಅನ್ನೋನು ನಾಳೆ ಲಂಚ ಬೇಕು ಅಂತಾನಾ?" ಅಂಗಿ ಸುಟ್ಟಿತು. ಅಂಗಿಯ ಒಡೆಯನೂ ಮಾತು ನಿಜವೆಂದು ಒಪ್ಪಿದ.

ಬಕೆಟ್ಟು ಹತ್ತೊಂಬತ್ತು ವೋಟಿನಿಂದ ಗೆದ್ದಿತು.

ಎಣಿಕೆಯ ಕೋಣೆಯಲ್ಲಿ ಚಾಳೀಸು ಕಕ್ಕಾಬಿಕ್ಕಿಯಾಗಿ ಸಾಹುಕಾರನ ಹತ್ತಿರ ಹೋಗಿ, "ತಪ್ಪಾಯ್ತು ಸಾಹುಕಾರ್ರೇ" ಎಂದ. ಗೆದ್ದವನು ಸೋತವನ ಕ್ಷಮೆ ಕೇಳಿದ್ದನ್ನು ಕಂಡು ಹೊರಗಿದ್ದವರು ಇನ್ನೊಂದು ಸಲ ಜೈಕಾರ ಹಾಕಿದರು. ಸಾಹುಕಾರ ಮೂರನೇ ದಿನ ದೂರು ಕೊಟ್ಟ: ಬಕೆಟ್ ಅಭ್ಯರ್ಥಿ ಮಿತಿ ಮೀರಿ ಏಳು ಲಕ್ಷದ ಹದಿನಾರು ಸಾವಿರ ಖರ್ಚು ಮಾಡಿದ್ದಾನೆ, ಅವನನ್ನು ಅನರ್ಹಗೊಳಿಸಿ ಎರಡನೇ ಸ್ಥಾನದ ನನ್ನನ್ನು ಸದಸ್ಯನೆಂದು ಸಾರಬೇಕು. ಮೇಡಂ ಬರೆದಿಟ್ಟ ಲೆಕ್ಕವೇ ಸಾಕ್ಷಿ.

ವಿಚಾರಣೆಯ ದಿನ ಎತ್ತರದ ಕುರ್ಚಿಯಲ್ಲಿ ಚುನಾವಣಾ ಕಚೇರಿಯ ದೊಡ್ಡ ಸಾಹೇಬರು ಕೂತಿದ್ದರು. ಪಕ್ಕದಲ್ಲಿ ಮೇಡಂ. ಮೊದಲು ಅಡುಗೆ ಗುತ್ತಿಗೆಯವನನ್ನು ಕರೆದರು. ಅವನು ಪ್ರಮಾಣ ಮಾಡಿ, ಸಾಹುಕಾರ ಹೇಳಿಕೊಟ್ಟ ಹಾಗೆ ಒಪ್ಪಿಸಿದ: "ನಾಲ್ಕು ಊಟದ ದುಡ್ಡೂ ಬಕೆಟ್ಟಿನವರೇ ಕೊಟ್ಟರು ಸ್ವಾಮಿ."

ಮೇಡಂ ಒಂದು ಪಾಸ್‌ಬುಕ್ಕು ತೆರೆದರು. "ಬಕೆಟ್ಟಿನವರ ಖಾತೆಯಲ್ಲಿ ಇರೋದು ನಾಲ್ಕು ಸಾವಿರದ ಮುನ್ನೂರ ಹನ್ನೆರಡು. ವರ್ಷವಿಡೀ ಹತ್ತು ಸಾವಿರ ದಾಟಿಲ್ಲ. ಹಾಗಾದ್ರೆ ಇವರಿಗೆ ಯಾರೋ ಏಳು ಲಕ್ಷ ಕೊಟ್ಟಿರಬೇಕು. ಕೊಟ್ಟೋರು ಯಾರು ಅಂತ ನೋಡೋಣ. ಅವರ ಮೇಲೂ ಕೇಸು ಆಗುತ್ತೆ."

ಸಾಹುಕಾರನಿಗೆ ಕೆಮ್ಮು ಹತ್ತಿತು. ಕೆಮ್ಮುತ್ತ ಕೆಮ್ಮುತ್ತ ಅಡುಗೆಯವನ ಕಡೆ ಎರಡು ಸಲ ಕಣ್ಣು ಮಿಟುಕಿಸಿದ.

"ಅಯ್ಯೋ, ಮರೆತೇಬಿಟ್ಟಿದ್ದೆ!" ಎಂದ ಅಡುಗೆಯವನು. "ದುಡ್ಡು ಯಾರೂ ಕೊಡಲಿಲ್ಲ ಸ್ವಾಮಿ. ನಾನೇ ಬಿಟ್ಟಿ ಮಾಡಿದ್ದು. ಸಮಾಜಸೇವೆ."

"ಏಳು ಸಾವಿರದ ಇನ್ನೂರು ಊಟ?"

"ದೊಡ್ಡ ಸಮಾಜ ಸ್ವಾಮಿ."

ಜೀಪಿನವನು ಬಂದ. ತನ್ನ ಏಳು ಜೀಪೂ ಆ ಹತ್ತು ದಿನ ಆ ಕಡೆಗೇ ಹೊರಟಿದ್ದವು, ದಾರಿಯಲ್ಲಿ ಮೈಕಿನವರು ಹತ್ತಿಕೊಂಡರು ಎಂದ. ಕುರ್ಚಿಯವನು, ಕುರ್ಚಿಗಳನ್ನು ಬಿಸಿಲಿಗೆ ಒಣಗಲು ಹರಡಿದ್ದೆ, ಜನ ತಾವಾಗಿ ಬಂದು ಕೂತರು ಎಂದ. ಸಭಾಭವನದೊಳಗೆ ಎಲ್ಲಿಯ ಬಿಸಿಲು ಎಂದು ಮೇಡಂ ಕೇಳಿದ್ದಕ್ಕೆ, "ಕಿಟಕಿ ಇದೆಯಲ್ಲ ಮೇಡಂ" ಎಂದ. ಊಟ ಮಾಡಿದವರ ಪರವಾಗಿ ನಿವೃತ್ತ ಪೋಸ್ಟ್‌ಮನ್ ಬಂದು, ಆ ನಾಲ್ಕು ದಿನವೂ ಇಡೀ ಬೀದಿ ಹೊಟ್ಟೆ ಸರಿಯಿಲ್ಲದೆ ಉಪವಾಸವಿತ್ತು ಎಂದು ಸಾಕ್ಷಿ ಹೇಳಿದ.

ಚಾಳೀಸುವಿಗೆ ತಡೆಯಲಾಗಲಿಲ್ಲ. ಎದ್ದು ನಿಂತ. "ಸ್ವಾಮಿ, ಇವರೆಲ್ಲ ಪಾಪ ಮರೆತಿದಾರೆ. ನಡೆದಿದ್ದು ಇಷ್ಟೇ. ನನ್ನ ಮಿತಿಯನ್ನ ನಾನು ಸಾಹುಕಾರ್ರಿಗೆ ಕೈಗಡ ಕೊಟ್ಟಿದ್ದೆ. ಖರ್ಚು ಅವರದು, ಹೆಸರು ನಂದು."

ದೊಡ್ಡ ಸಾಹೇಬರು ಕಾನೂನಿನ ಪುಸ್ತಕವನ್ನು ಹಿಂದೆ ಮುಂದೆ ತಿರುವಿದರು.

"ಮಿತಿಯನ್ನ ಕೈಗಡ ಕೊಡಬಹುದು ಅಂತ ಇದರಲ್ಲಿ ಎಲ್ಲೂ ಇಲ್ಲ," ಎಂದರು.

"ಹೌದಲ್ವಾ ಸ್ವಾಮಿ. ಆದರೂ ಕೊಟ್ಟೆ."

"ಕಾನೂನಿನಲ್ಲಿ ಇಲ್ಲದ್ದು ನಡೆಯೋಕೆ ಸಾಧ್ಯ ಇಲ್ಲ. ಕೂತ್ಕೊಳ್ಳಿ." ಮೇಡಂ ಏನೋ ಹೇಳಲು ಬಾಯಿ ತೆರೆದರು. ಸಾಹೇಬರು ಅಷ್ಟರಲ್ಲಿ ಆದೇಶ ಬರೆಸಲು ತೊಡಗಿದ್ದರು: ಜೀಪುಗಳು ಓಡಿವೆ, ಊಟ ನಡೆದಿದೆ, ಆದರೆ ಯಾರೂ ಖರ್ಚು ಮಾಡಿದ ದಾಖಲೆಯಿಲ್ಲ. ಆದ್ದರಿಂದ ಎಲ್ಲ ಅಭ್ಯರ್ಥಿಗಳೂ ಮಿತಿಯೊಳಗೇ ಇದ್ದಾರೆ. ದೂರು ವಜಾ.

ಹೀಗೆ ಚಾಳೀಸು ಕಾನೂನುಬದ್ಧ ಸದಸ್ಯನಾದ. ಬೀಗ ರಿಪೇರಿಯವನು ಬಿಟ್ಟಿಯಾಗಿ ಹಿತ್ತಾಳೆಯ ನಾಮಫಲಕ ಕೆತ್ತಿಕೊಟ್ಟ. ನಗರಸಭೆಯಲ್ಲಿ ಗಾಲಿಯಿರುವ ಕುರ್ಚಿ ಸಿಕ್ಕಿತು. ಮೊದಲ ಸಭೆಯಲ್ಲಿ ಅವನು ಅದರ ಮೇಲೆ ಕೂತು ಯಾರಿಗೂ ಕಾಣದ ಹಾಗೆ ಅರ್ಧ ಸುತ್ತು ಸುತ್ತಿ ನೋಡಿದ. ಅದು ಅವನಿಗೆ ತುಂಬ ಹಿಡಿಸಿತು. ಸೋದರತ್ತೆಯೂ "ಸದಸ್ಯರೇ" ಎಂದು ಕರೆಯತೊಡಗಿದಳು.

ಎರಡನೇ ವಾರ ಅಡುಗೆಯವನು, ಜೀಪಿನವನು, ಕುರ್ಚಿಯವನು ಮೂವರೂ ಒಟ್ಟಿಗೆ ಅಂಗಡಿಗೆ ಬಂದರು. ಮುಖ ಬಾಡಿತ್ತು. ಸಾಹುಕಾರ ಅರ್ಧ ದುಡ್ಡನ್ನು ಮುಂಗಡ ಕೊಟ್ಟಿದ್ದನಂತೆ, ಇನ್ನರ್ಧ ಎಲೆಕ್ಷನ್ ಮುಗಿದ ಮೇಲೆ ಎಂದಿದ್ದನಂತೆ. ಈಗ ಕೇಳಲು ಹೋದರೆ ಬಾಗಿಲಲ್ಲೇ ನಿಲ್ಲಿಸಿ ಹೇಳಿದನಂತೆ: "ಸಾಹೇಬರ ಮುಂದೆ ಪ್ರಮಾಣ ಮಾಡಿ ಬಿಟ್ಟಿ ಮಾಡಿದ್ದು ಅಂದಿದೀರಿ. ನಿಮ್ಮಂಥ ಸತ್ಯವಂತರ ಮಾತನ್ನ ನಾನು ಸುಳ್ಳು ಮಾಡ್ಲಾ?"

"ಮಾತಿಗೆ ಮಾತು ಸರಿಯಾಗೇ ಇದೆ," ಎಂದು ಅಡುಗೆಯವನು ಅಳುಮೋರೆ ಮಾಡಿದ. "ಆದರೆ ಪಾತ್ರೆ ತೊಳೆದ ಎಂಟು ಹೆಂಗಸರ ಕೂಲಿ ಇನ್ನೂ ಕೊಟ್ಟಿಲ್ಲ. ದಿನಾ ಬಂದು ಬಾಗಿಲಲ್ಲಿ ಕೂರ್ತಾರೆ. ಅವರು ಯಾವ ಪ್ರಮಾಣನೂ ಮಾಡಿಲ್ಲ ನೋಡಿ."

"ಮೇಡಂ ಹತ್ರ ಹೋಗಿ ನಿಜ ಹೇಳಿ," ಎಂದಳು, ಬುತ್ತಿ ತಂದಿದ್ದ ಚಾಳೀಸುವಿನ ಹೆಂಡತಿ.

"ಹೋಗಿದ್ವಿ ಅಕ್ಕಾ. ಒಂದು ಸಲ ಸುಳ್ಳು ಹೇಳಿದೋರ ಮಾತು ಸಾಲದು, ಸದಸ್ಯರೂ ಬರೆದು ಸಹಿ ಹಾಕಿಕೊಡಲಿ ಅಂದ್ರು. ಬರೆದುಕೊಟ್ರೆ..." ಅಡುಗೆಯವನು ಗೋಡೆಯ ಮೇಲಿನ ಹಿತ್ತಾಳೆ ಫಲಕದ ಕಡೆ ನೋಡಿ ಮಾತು ನುಂಗಿದ.

ಬರೆದುಕೊಟ್ಟರೆ ಫಲಕ ಇಳಿಯುತ್ತದೆ, ಕುರ್ಚಿ ಹೋಗುತ್ತದೆ. ಅಷ್ಟು ಚಾಳೀಸುವಿಗೂ ಅರ್ಥವಾಯಿತು. ಅವನು ಹೆಂಡತಿಯ ಮುಖ ನೋಡಿದ. ಅವಳು ಬುತ್ತಿಯ ಡಬ್ಬಿ ಬಿಚ್ಚುತ್ತಿದ್ದಳು, ಸಹಾಯಕ್ಕೆ ಬರಲಿಲ್ಲ. ಅವನು ಕನ್ನಡಕವೊಂದನ್ನು ಎತ್ತಿಕೊಂಡು ಬಹಳ ಹೊತ್ತು ಒರೆಸಿದ. ಜೀವನದಲ್ಲಿ ಮೊದಲ ಸಲ, ಯಾರೂ ಏನೂ ಕೇಳದಿದ್ದರೂ, ಅವನ ಬಾಯಿಂದ "ಇಲ್ಲ" ಎಂಬ ಮಾತು ಬಂತು.

"ಇಲ್ಲ. ಎಂಟು ಜನದ ಕೂಲಿ ಹಿಡಿದುಕೊಂಡು ಕುರ್ಚಿ ಮೇಲೆ ಸುತ್ತೋಕಾಗಲ್ಲ. ನಡೀರಿ."

ಮೇಡಂ ನಾಲ್ವರ ಹೇಳಿಕೆಗಳನ್ನೂ ನಾಲ್ಕು ಪ್ರತಿಗಳಲ್ಲಿ ಬರೆಸಿಕೊಂಡರು. "ನನ್ನ ಸರ್ವೀಸಿನಲ್ಲಿ ಮಿತಿ ಮೀರಿದೆ ಅಂತ ತಾನೇ ಬಂದು ಹೇಳಿದ ಅಭ್ಯರ್ಥಿ ನೀವೊಬ್ಬರೇ," ಎಂದರು. "ಇದಕ್ಕೆ ನಮ್ಮಲ್ಲಿ ಫಾರಮ್ಮೇ ಇಲ್ಲ." ಬಿಳಿ ಹಾಳೆಯ ಮೇಲೆ ಸಹಿ ಹಾಕಿಸಿದರು. ಆಮೇಲೆ ಫ್ಲಾಸ್ಕಿನ ಮುಚ್ಚಳದಲ್ಲಿ ಅವನಿಗೆ ಚಹಾ ಕೊಟ್ಟರು. ಅದನ್ನು ಯಾವ ಪಟ್ಟಿಯಲ್ಲೂ ಬರೆದುಕೊಳ್ಳಲಿಲ್ಲ.

ದೊಡ್ಡ ಸಾಹೇಬರು ಮೊದಲಿನ ಆದೇಶವನ್ನು ತಿದ್ದಲೇಬೇಕಾಯಿತು. ಆ ಊಟಗಳಿಗೆ ಖರ್ಚು ಆಗಿತ್ತೆಂಬ ಹೊಸ ಸಂಗತಿ ಕಚೇರಿಯ ಗಮನಕ್ಕೆ ಬಂದಿದೆ ಎಂದು ಬರೆಸಿದರು. ಸಾಹುಕಾರ, ಚಾಳೀಸು ಇಬ್ಬರೂ ಆರು ವರ್ಷ ಅನರ್ಹರು. ಬಾಕಿ ದುಡ್ಡಿಗೆ ಮೂವರೂ ದಾವೆ ಹೂಡಿದರು. ಸಾಹುಕಾರ ನ್ಯಾಯಾಲಯದ ಮೆಟ್ಟಿಲು ಹತ್ತಲು ಹೆದರಿ ಎಂಟು ಹೆಂಗಸರ ಕೂಲಿಯನ್ನು ಮೊದಲು ಬಿಸಾಕಿದ, ಉಳಿದದ್ದಕ್ಕೆ ಕಂತು ಕೇಳಿದ.

ಬೀದಿ ಎರಡು ದಿನ ಚಾಳೀಸುವನ್ನು ಬೈದಿತು. ಬಂದ ಕುರ್ಚಿಯನ್ನು ಕಾಲಿಂದ ಒದ್ದ ಪೆದ್ದ ಎಂದ ಭಾಮೈದ. ಸೋದರತ್ತೆಗೆ ಅವನು ಮತ್ತೆ ಬರೀ "ಲೋ" ಆದ. ಬೀಗ ರಿಪೇರಿಯವನು ಬಂದು ಹಿತ್ತಾಳೆ ಫಲಕವನ್ನು ಬಿಚ್ಚಿಕೊಂಡು, ಹಿಂಭಾಗ ಖಾಲಿಯಿದೆ, ಮುಂದಿನವರಿಗೆ ಆಗುತ್ತದೆ ಎಂದು ಒಯ್ದ.

ಅಂದು ಸಂಜೆ ಅಂಗಡಿಯಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದರು. ಚಾಳೀಸು ಬೇಸರದಲ್ಲಿದ್ದ, ಆದರೂ ಒಂದು ಹೆಮ್ಮೆ ಇನ್ನೂ ಉಳಿದಿತ್ತು. "ಏನೇ ಆಗಲಿ, ಹತ್ತೊಂಬತ್ತು ವೋಟು ಹೆಚ್ಚು ಬಿತ್ತಲ್ಲ. ಅದರಲ್ಲಿ ನಿಂದೂ ಒಂದು."

"ನಂದಾ?" ಎಂದಳು ಹೆಂಡತಿ. "ನಾನು ಟೋಪಿಗೆ ಹಾಕಿದೆ."

ಚಾಳೀಸು ಬಾಯಿ ತೆರೆದ. "ಕಟ್ಕೊಂಡ ಗಂಡ ನಿಂತಿರೋವಾಗ?"

"ನೀವು ಗೆದ್ದರೆ ಅಂಗಡೀಲಿ ಕೂರೋರು ಯಾರು? ಹೋಗ್ಲಿ, ನೀವು ಯಾರಿಗೆ ಹಾಕಿದ್ರಿ?"

ಚಾಳೀಸು ಶೋಕೇಸಿನ ಧೂಳು ಒರೆಸತೊಡಗಿದ. ಒಂದೇ ಜಾಗವನ್ನು ನಾಲ್ಕು ಸಲ ಒರೆಸಿದ ಮೇಲೆ ಮೆಲ್ಲಗೆ ಹೇಳಿದ:

"ಸಾಹುಕಾರ್ರಿಗೆ ಮಾತು ಕೊಟ್ಟಿದ್ದೆನಲ್ಲೇ."